ತಿಮ್ಮಪ್ಪನ ಕಾಲು ಮತ್ತು ನಟ್ಟು ಬಿಚ್ಚುವ ಮಿಷನ್ನು

ಆಷಾಢದ ಗಾಳಿಗೆ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡಿದ್ದವು. ನಾಲೆಗೆ ನೀರು ಬಿಟ್ಟಿದ್ದರು. ಹೊಳೆನರಸೀಪುರಕ್ಕೆ ಎರಡು ಹರದಾರಿ ದೂರದ ತೆಂಕಲಕೊಪ್ಪಲಿನ ಗದ್ದೆಬಯಲಿನಲ್ಲಿ ಬದು ಕಡಿಯುವವರು, ತೂಬಿಗೆ ಮಣ್ಣು ಮೆತ್ತುವವರು, ಒಟ್ಲುಪಾತಿಯ ಪಕ್ಕ ಕೂತು ಪೈರಿನ ಎತ್ತರ ನೋಡಿ ತಲೆಯಾಡಿಸುವವರು ಎಲ್ಲ ಬೆಳಗಾಗುವ ಮೊದಲೇ ಬಂದು ಸೇರಿದ್ದರು. ಇವರೆಲ್ಲರ ನಡುವೆ ಮಂಚೇಗೌಡನ ಟ್ರ್ಯಾಕ್ಟರು ಕಾಲಿಗೆ ಮುಳ್ಳು ಹೊಕ್ಕ ಎಮ್ಮೆಯ ಹಾಗೆ ಜಾಕಿನ ಮೇಲೆ ಒಂದು ಕಡೆ ಎತ್ತಿಕೊಂಡು ನಿಂತಿತ್ತು. ಹಿಂದಿನ ಗಾಲಿಯ ನಟ್ಟಿಗೆ ಸ್ಪ್ಯಾನರು, ಸ್ಪ್ಯಾನರಿಗೆ ತೂರಿಸಿದ್ದು ಮಾರುದ್ದದ ಕಬ್ಬಿಣದ ಪೈಪು, ಆ ಪೈಪಿನ ತುದಿಯ ಮೇಲೆ ತಿಮ್ಮಪ್ಪ.

ಕೆಸರು ಹೊಡೆಯಬೇಕಾದರೆ ಟ್ರ್ಯಾಕ್ಟರಿನ ಟೈರು ಬಿಚ್ಚಿ ಕಬ್ಬಿಣದ ಗಾಲಿ ಹಾಕಬೇಕು. ಡಾಂಬರು ರಸ್ತೆಗೆ ಇಳಿಯಬೇಕಾದರೆ ಕಬ್ಬಿಣದ ಗಾಲಿ ಬಿಚ್ಚಿ ಟೈರು ಹಾಕಬೇಕು. ಮಂಚೇಗೌಡ ಎರಡನ್ನೂ ಬಿಡುವವನಲ್ಲ. ಇವತ್ತು ಗದ್ದೆ ಎಂದರೆ ನಾಳೆ ರಾಮನಾಥಪುರದ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳಿಗೆ ಸೌದೆ ಲೋಡು. ಹಾಗಾಗಿ ಆ ತಿಂಗಳಲ್ಲಿ ಅವನ ಟ್ರ್ಯಾಕ್ಟರು ಓಡಿದ್ದಕ್ಕಿಂತ ಜಾಕಿನ ಮೇಲೆ ನಿಂತದ್ದೇ ಹೆಚ್ಚು ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಬಿಚ್ಚುವುದಕ್ಕೂ ಬಿಗಿ ಮಾಡುವುದಕ್ಕೂ ಮಂಚೇಗೌಡನ ತೋಳಿನಲ್ಲಿ ಅಷ್ಟು ಕಸುವಿಲ್ಲ. ಅದಕ್ಕೆ ಪಕ್ಕದ ಮನೆಯ ತಿಮ್ಮಪ್ಪನ ಬಲಗಾಲು. ತಿಮ್ಮಪ್ಪ ಆಳು ದಪ್ಪ. ಪೈಪಿನ ಮೇಲೆ ಹತ್ತಿ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ದೇವರಿಗೆ ಕೈ ಮುಗಿಯುವವನ ಹಾಗೆ ಕಣ್ಣು ಮುಚ್ಚಿ ಒಮ್ಮೆ ಕುಕ್ಕಿದನೆಂದರೆ ಎಂಥ ನಟ್ಟೂ 'ಕಿರ್' ಅಂದು ಮಾತು ಕೇಳುತ್ತಿತ್ತು.

ಕಾಲಿಗೆ ಅವನು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. "ಅಕ್ಕಪಕ್ಕದೋರು ಕಾಲಿಗೆ ಕಾಸ್ ಇಸ್ಕಳಕ್ಕಾಯ್ತದೇನ್ಲಾ? ಮುಯ್ಯಿ ಮಾಡ್ಬುಡು ಸಾಕು" ಅನ್ನುತ್ತಿದ್ದ. ಮುಯ್ಯಿ ಎಂದರೆ ನಮ್ಮ ಕಡೆ ಗೊತ್ತಲ್ಲ, ನಿನ್ನ ಗದ್ದೆಗೆ ನಾನು ಬಂದರೆ ನನ್ನ ಗದ್ದೆಗೆ ನೀನು ಬರಬೇಕು. ತಿಮ್ಮಪ್ಪನ ಕಾಲಿನ ಮುಯ್ಯಿ ಏನೆಂದರೆ, ವರ್ಷವೂ ಮೊದಲ ಕೆಸರು ಅವನ ಗದ್ದೆಗೆ. ಮಂಚೇಗೌಡನದು ಆಮೇಲೆ. ಆ ಆಮೇಲೆ ಬರುವ ಹೊತ್ತಿಗೆ ಒಟ್ಲಿನ ಪೈರು ಬಲಿತು, ನಾಟಿ ಮಾಡುವ ಹೆಂಗಸರು "ಇದೇನ್ ಗೌಡ್ರೆ, ಪೈರೋ ಜೋಳದ ಕಡ್ಡಿನೋ" ಎಂದು ಕೇಳುವ ಹಾಗೆ ಆಗಿರುತ್ತಿತ್ತು.

ಆ ಮಂಗಳವಾರವೂ ತಿಮ್ಮಪ್ಪನ ಗದ್ದೆಯ ಕೆಸರು ಅರ್ಧ ಮುಗಿಸಿ, ಮಾರನೆಯ ದಿನದ ಸೌದೆ ಲೋಡಿಗೆಂದು ಟೈರು ಹಾಕುತ್ತಿದ್ದರು. ತಿಮ್ಮಪ್ಪ ಒಂದೊಂದು ನಟ್ಟಿನ ಮೇಲೂ ಎರಡೆರಡು ಸಲ ಕುಕ್ಕಿ ಬಿಗಿ ಮಾಡಿದ. ಬದುವಿನ ಮೇಲೆ ಬಂದ ನೀರುಗಂಟಿ ಸೈಕಲ್ಲು ನಿಲ್ಲಿಸಿ ಹೇಳಿದ.

"ಗೌಡ್ರೆ, ಈ ಸಲ ನಮ್ ತೂಬಿಗೆ ಭಾನ್ವಾರ ಸಂಜೆಗಂಟ ಮಾತ್ರ ನೀರು. ಆಮ್ಯಾಕೆ ಕೆಳಗಡೆಯೋರ ಸರದಿ. ಸಾಹೇಬ್ರು ಕಟ್ಟುನಿಟ್ಟು ಅಂದವ್ರೆ."

"ತಿಮ್ಮಪ್ಪಂದೇ ಇನ್ನೂ ಅರ್ಧ ಅದೆ ಕಣಪ್ಪ" ಅಂದ ಮಂಚೇಗೌಡ.

"ನಂದ್ ಮುಗ್ಸಿ ನಿಂದ್ ಮಾಡ್ಕೊ. ಓಡೋಯ್ತದಾ ಗದ್ದೆ?" ಅಂದ ತಿಮ್ಮಪ್ಪ, ಪೈಪಿನ ಮೇಲಿನಿಂದಲೇ.

ಮಂಚೇಗೌಡ ಮಾತಾಡಲಿಲ್ಲ. ಆದರೆ ಮನುಷ್ಯನ ಚರಿತ್ರೆಯಲ್ಲಿ ಮಹತ್ವದ ನಿರ್ಧಾರಗಳೆಲ್ಲ ಹೀಗೆ ಕೆಸರಲ್ಲಿ ಕಾಲಿಟ್ಟು ಮಾತಾಡದೆ ನಿಂತಾಗಲೇ ಆಗುವುದು. ಇನ್ನು ಮೇಲೆ ಯಾರ ಕಾಲಿನ ಹಂಗೂ ಬೇಡ ಎಂದು ಅವನು ತೀರ್ಮಾನಿಸಿದ.

ಬುಧವಾರ ಸೌದೆ ಇಳಿಸಿದವನೇ ಹಾಸನದ ಬಸ್ಸು ಹತ್ತಿದ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಂಜುಂಡಯ್ಯನವರ ಹಾರ್ಡ್‌ವೇರ್ ಅಂಗಡಿ. ನೇಗಿಲ ಕುಳದಿಂದ ಪಂಪ್‌ಸೆಟ್ಟಿನ ವಾಷರಿನ ತನಕ ಮಂಚೇಗೌಡನ ಮನೆಗೆ ಎಲ್ಲ ಅಲ್ಲಿಂದಲೇ. ನಂಜುಂಡಯ್ಯನವರ ಮಗ ಪ್ರದ್ಯುಮ್ನ ಇಂಜಿನಿಯರಿಂಗ್ ಓದಿ ಬಂದವನು. ಅಂಗಡಿಯಲ್ಲಿ ಗಾಜಿನ ಕಪಾಟು ಹಾಕಿಸಿ ಅದರೊಳಗೆ ಪೇಟೆಯ ಸಾಮಾನು ಇಟ್ಟಿದ್ದ. ಅಲ್ಲಿಂದ ಒಂದು ಪುಟ್ಟ ಯಂತ್ರ ತೆಗೆದು, ಎಳೆಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ. ಒಂದು ಗೇಣಿಗಿಂತ ಕೊಂಚ ಉದ್ದ. ವೈರಿಲ್ಲ. ಹಿಡಿಕೆಯ ಕೆಳಗೆ ಬ್ಯಾಟರಿ.

"ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್, ಗೌಡ್ರೇ. ಒಳಗೆ ಒಂದು ಸುತ್ತಿಗೆ ಇದೆ ಅಂದ್ಕೊಳ್ಳಿ. ತಿರುಗಿಸ್ತಾ ತಿರುಗಿಸ್ತಾ ಹೊಡೆಯುತ್ತೆ."

"ನಟ್ಟು ಬಿಚ್ತದಾ ಸಾ?"

"ಬಿಚ್ಚುತ್ತೆ. ಆದರೆ ಒಂದು ಮಾತು. ಇದು ಚಿಕ್ಕ ಮಾಡೆಲ್ಲು. ಮನುಷ್ಯ ಕೈಯಲ್ಲಿ ಬಿಗಿ ಮಾಡಿದ್ದನ್ನ ಬಿಚ್ಚುತ್ತೆ. ಪೈಪ್ ಹಾಕಿ, ಮೇಲೆ ಹತ್ತಿ ನಿಂತು ಬಿಗಿ ಮಾಡಿದ್ದಕ್ಕೆ ನಾನು ಗ್ಯಾರಂಟಿ ಹೇಳಲ್ಲ."

ಇದರಲ್ಲಿ ಮೊದಲ ಅರ್ಧ ಮಂಚೇಗೌಡನ ಕಿವಿಗೆ ಬಿತ್ತು. ಅಷ್ಟರಲ್ಲಿ ಅವನ ಬೆರಳು ಗುಂಡಿ ಒತ್ತಿತ್ತು. 'ಗರ್ರ್ ರ್ರ್ ಟಕಟಕಟಕ' ಎಂಬ ಸದ್ದಿನಲ್ಲಿ ಉಳಿದರ್ಧ ಮುಳುಗಿಹೋಯಿತು. ಬೆಲೆ ಕೇಳಿದಾಗ ಸದ್ದು ನಿಂತಿತು. ಒಂದು ಒಳ್ಳೆಯ ಕರೆಯುವ ಎಮ್ಮೆಯ ಬೆಲೆ. ಅವನ ಹೆಂಡತಿ ನಂಜಮ್ಮ ಮುದಿಹಸು ಮಾರಿ, ಶ್ರಾವಣದಲ್ಲಿ ಎಮ್ಮೆ ತರಬೇಕೆಂದು ಗಂಟು ಕಟ್ಟಿ ಇಟ್ಟಿದ್ದ ದುಡ್ಡು ಅವನ ಒಳಜೇಬಿನಲ್ಲಿ ಬೆಚ್ಚಗೆ ಕೂತಿತ್ತು.

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ನಂಜುಂಡಯ್ಯನವರು ಗಿರಾಕಿಯ ಮುಖ ನೋಡಿ ಬದುಕಿದವರು. "ಯೋಚನೆ ಮಾಡಬೇಡಿ ಗೌಡ್ರೇ. ದುಡ್ಡು ಇಲ್ಲಿಡಿ, ಮಿಷನ್ ತಗೊಂಡು ಹೋಗಿ ನೋಡಿ. ಸೋಮವಾರದೊಳಗೆ ಬೇಡ ಅನ್ನಿಸಿದರೆ ತನ್ನಿ, ದುಡ್ಡು ವಾಪಸ್ಸು. ಹೇಗೆ ಹೋಗುತ್ತೋ ಹಾಗೇ ಬರಬೇಕು, ಅಷ್ಟೇ" ಅಂದರು.

ಹೀಗಾಗಿ ಮಂಚೇಗೌಡ ಮಿಷನ್ನನ್ನು ಕೊಳ್ಳಲೂ ಇಲ್ಲ, ಕೊಳ್ಳದೆ ಬರಲೂ ಇಲ್ಲ.

ಮನೆಯಲ್ಲಿ ಇದನ್ನು ವಿವರಿಸುವುದು ಸುಲಭವಾಗಲಿಲ್ಲ.

"ಎಮ್ಮೆ ದುಡ್ಡು ಎಲ್ಲಿ?" ಅಂದಳು ನಂಜಮ್ಮ.

"ಹಾಸನದಲ್ಲಿ ಮಡಗಿ ಬಂದಿವ್ನಿ. ಭದ್ರವಾಗದೆ."

"ಇದು?"

"ಇದ ನೋಡಕೆ ತಂದಿವ್ನಿ. ಕೊಂಡಿಲ್ಲ."

"ದುಡ್ಡು ಕೊಟ್ಟು ಸಾಮಾನ್ ತಂದ್ರೆ ಕೊಳ್ಳೋದು ಅಂತಾರೆ ನಮ್ ಪಟ್ಟಣದ ಕಡೆ. ನಿಮ್ ಕಡೆ ಏನಂತಾರೋ." ನಂಜಮ್ಮ ಚನ್ನರಾಯಪಟ್ಟಣದ ಕಡೆಯ ಹೆಣ್ಣು. ಸಿಟ್ಟು ಬಂದಾಗಲೆಲ್ಲ ಅವಳ ತವರು ಹತ್ತಿರವಾಗುತ್ತಿತ್ತು. "ಸೋಮವಾರ ಎಮ್ಮೆ ದುಡ್ಡು ನನ್ ಕೈಗ್ ಬರ್ದಿದ್ರೆ, ನಿಮ್ ಮಿಷನ್ನೇ ಹಾಲು ಕರ್ಕೊಡ್ಲಿ, ಕಾಪಿ ಕುಡೀರಿ."

ಅವನ ತಾಯಿ ಮುದ್ದಮ್ಮನ ತಕರಾರು ಬೇರೆ. "ಲೇ ಮಂಚ, ಆಸಾಡದಲ್ಲಿ ಹೊಸ ಸಾಮಾನ್ ತರ್ತಾರೇನ್ಲಾ? ನಿಮ್ಮಪ್ಪ ಆಸಾಡದಲ್ಲಿ ಒಂದು ಪೊರಕೆ ತಂದೋನಲ್ಲ."

"ತಂದಿಲ್ಲ ಕಣವ್ವ, ನೋಡಕೆ…"

"ಹೊಸಿಲು ದಾಟದ್ ಮ್ಯಾಲೆ ನೋಡಕೇನು, ಮಡಿಕ್ಕಳಕೇನು?"

ಆ ದಿನ ಕರೆಂಟು ಹೋಗಿ ಬಂದು, ಹೋಗಿ ಬಂದು ಆಟವಾಡಿತು. ಚಾರ್ಜರಿನ ಕೆಂಪು ದೀಪವನ್ನು ಮನೆಯವರೆಲ್ಲ ಕಾದು ಕೂತರು. ಮಂಚೇಗೌಡ ಕಾದು ಕಾದು ಮಲಗಿಬಿಟ್ಟ. ಗುರುವಾರ ಬೆಳಿಗ್ಗೆ ಮುದ್ದಮ್ಮ ಹಜಾರಕ್ಕೆ ಬಂದಾಗ ಕತ್ತಲ ಮೂಲೆಯಲ್ಲಿ ಕೆಂಪು ಹೋಗಿ ಹಸಿರು ದೀಪ ಉರಿಯುತ್ತಿತ್ತು. ಉರಿಯುವ ದೀಪಕ್ಕೆ ಕೈ ಮುಗಿಯದೆ ಮುಂದೆ ಹೋಗುವ ಹೆಂಗಸಲ್ಲ ಅವಳು. ಕೈ ಮುಗಿದ ಮೇಲೆ ಬರಿಗೈಲಿ ನಿಲ್ಲುವುದೂ ಸರಿಯಲ್ಲ. ಹೇಗೂ ಆಷಾಢದಲ್ಲಿ ಬಂದ ಸಾಮಾನು, ದೋಷ ಕಳೆಯಲಿ ಎಂದು ಮಿಷನ್ನಿನ ಮೂತಿಗೆ ಅರಿಶಿನ ಬಳಿದು, ಬೆನ್ನಿಗೆ ಮೂರು ಕಡೆ ಕುಂಕುಮ ಒತ್ತಿ, ಹಿಡಿಕೆಗೆ ಕಣಗಿಲೆ ಹೂ ಸಿಕ್ಕಿಸಿ, ನಿಂಬೆಹಣ್ಣು ಕೊಯ್ದು ಎರಡು ಕಡೆ ಹಿಂಡಿದಳು. ಆ ಹುಳಿಗೆ ಅರಿಶಿನ ಚೆನ್ನಾಗಿ ಹಿಡಿಯಿತು.

ಎದ್ದು ಬಂದ ಮಂಚೇಗೌಡನಿಗೆ ಅದನ್ನು ನೋಡಿ ಸಂತೋಷವೇ ಆಯಿತು. ಅವ್ವ ಒಪ್ಪಿದಳಲ್ಲ! ಅವತ್ತೆಲ್ಲ ಅವನು ಪಂಪ್‌ಸೆಟ್ಟಿನ ನಟ್ಟು, ಗೇಟಿನ ನಟ್ಟು, ಎತ್ತಿನಗಾಡಿಯ ನಟ್ಟು ಬಿಚ್ಚಿ ಬಿಚ್ಚಿ ಹಾಕಿದ. ಸಂಜೆಗೆ ಮನೆಯಲ್ಲಿ ನೆಟ್ಟಗೆ ನಿಂತದ್ದು ಮನುಷ್ಯರು ಮಾತ್ರ. ಎಲ್ಲ ನಟ್ಟೂ ಬೆಣ್ಣೆಯ ಹಾಗೆ ಬಂದವು. ಟ್ರ್ಯಾಕ್ಟರಿನ ಗಾಲಿಯೊಂದನ್ನು ಮಾತ್ರ ಮುಟ್ಟಲಿಲ್ಲ. ಗೊತ್ತಿರುವ ಉತ್ತರಕ್ಕೆ ಪರೀಕ್ಷೆ ಯಾಕೆ?

ಕಣ್ಣು ಮುಚ್ಚಿಕೊಂಡು ನಡೆದವನ ಧೈರ್ಯದಲ್ಲೇ ಅವನು ಜಗುಲಿಯ ಮೇಲೆ ಕೂತಿದ್ದ ತಿಮ್ಮಪ್ಪನ ಹತ್ತಿರ ಹೋದ.

"ತಿಮ್ಮಪ್ಪ, ಇವತ್ತಿಂದ ನಿನ್ ಕಾಲಿಗೆ ರಜಾ ಕಣ್ಲಾ."

ತಿಮ್ಮಪ್ಪ ತನ್ನ ಕಾಲನ್ನು ನೋಡಿಕೊಂಡ. "ಏನಾಗದೆ ನನ್ ಕಾಲಿಗೆ?"

"ಏನೂ ಆಗಿಲ್ಲ. ಶನ್ವಾರ ಇನ್ನೊಂದ್ ಲೋಡ್ ಅದೆ, ಭಾನ್ವಾರ ನಾನೇ ಗಾಲಿ ಬಿಚ್ಚಿ ನಮ್ ಗದ್ದೆಗೆ ಮೊದ್ಲು ಕೆಸರು ಹೊಡ್ಕೋತೀನಿ. ನಿಂದ್ ಅರ್ಧ ಆಗದೆಯಲ್ಲ, ಮಿಕ್ಕಿದ್ದು ಆಮ್ಯಾಲೆ. ಓಡೋಯ್ತದಾ ಗದ್ದೆ?"

ತಿಮ್ಮಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುತ್ತಲೇ ಹೋದ. ಎಲೆ ಪೂರ್ತಿ ಬೆಳ್ಳಗಾಯಿತು. "ಆಗ್ಲಿ ಬುಡು. ಕಾಲು ನಂದು, ಮನೇಲೇ ಇರ್ತದೆ" ಅಂದು ಒಳಗೆ ಹೋದ. ಅವತ್ತಿನಿಂದ ಎರಡು ಮನೆಯ ನಡುವಿನ ಬೇಲಿಯಲ್ಲಿ ಓಡಾಡುವ ಗಂಡಿಗೆ ಒಂದು ಮುಳ್ಳಿನ ಕಂತೆ ಬಂದು ಕೂತಿತು.

ಶುಕ್ರವಾರ ಮಂಚೇಗೌಡ ಹೊಳೆನರಸೀಪುರಕ್ಕೆ ಹೋದ. ಮಿಷನ್ನು ಇಷ್ಟು ದುಡ್ಡಿಗೆ ಬಾಳುತ್ತದೋ ಇಲ್ಲವೋ ಎಂದು ಬಲ್ಲವರನ್ನು ಕೇಳಬೇಕಿತ್ತು. ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದ ಬಷೀರ್ ಸಾಬರಿಗಿಂತ ಬಲ್ಲವರು ತಾಲ್ಲೂಕಿನಲ್ಲಿ ಇರಲಿಲ್ಲ. ಅವರು ಮಿಷನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ಕುಂಕುಮ ಕಂಡು ತಮ್ಮ ಕೈಯನ್ನು ಒಂದು ಸಲ ಪಂಚೆಗೆ ಒರೆಸಿಕೊಂಡು, "ಅಲ್ಲೊಂದು ಜೀಪ್ ಬಂದದೆ ಗೌಡ್ರೇ. ನೀವೇ ಹೊಡ್ದು ನೋಡಿ" ಅಂದರು.

ಮಂಚೇಗೌಡ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತ. ಗರ್ರ್. ಒಂದು. ಗರ್ರ್. ಇನ್ನೊಂದು. ನೋಡುತ್ತ ನೋಡುತ್ತ ಗಾಲಿ ಕೈಗೆ ಬಂತು. ಒಂದು ಗಾಲಿ ಬಿಚ್ಚಿದರೆ ಸಾಕಿತ್ತು. ಅವನು ಜೀಪಿನ ಎಲ್ಲ ಗಾಲಿಯ ನಟ್ಟನ್ನೂ ಬಿಚ್ಚಿ ಮತ್ತೆ ಹಾಕಿದ. ಹಿಂದೆ ನಿಂತಿದ್ದ ಮೆಟಡಾರಿನ ಕಡೆಗೆ ತೆವಳಿದಾಗ ಬಷೀರ್ ಸಾಬರು "ಅದು ಚಾ ಕುಡಿಯೋಕೆ ನಿಲ್ಸಿದ್ದು ಗೌಡ್ರೇ, ಪಂಚರ್ ಆಗಿಲ್ಲ" ಎಂದು ತಡೆದರು. ಮುಖದ ಮೇಲೆ ಗ್ರೀಸು, ಮೊಣಕಾಲಿಗೆ ಮಸಿ. ಜೀಪಿನವನು ಪರವೂರಿನವನು, ಹೋಗುವಾಗ ಸಾಬರಿಗೆ ಪಂಚರಿನ ದುಡ್ಡು ಕೊಟ್ಟು, ಕೂತಿದ್ದ ಮಂಚೇಗೌಡನ ಕೈಗೂ ಹತ್ತು ರೂಪಾಯಿ ಇಟ್ಟು "ಕೆಲಸ ಚೆನ್ನಾಗಿ ಮಾಡ್ತೀಯಪ್ಪ, ಟೀ ಕುಡಿ" ಅಂದ.

"ಬೋಣಿ ಆಯ್ತು ಗೌಡ್ರೇ!" ಎಂದು ನಕ್ಕರು ಸಾಬರು.

ಬೋಣಿ ಅನ್ನುವ ಮಾತು ಕಿವಿಗೆ ಬಿದ್ದರೆ ನಮ್ಮ ಜನದ ಕೈ ತಲೆಯನ್ನು ಕೇಳುವುದಿಲ್ಲ. ಮಂಚೇಗೌಡನ ಕೈ ತಾನಾಗಿ ಮೇಲೆದ್ದು ಆ ಹತ್ತು ರೂಪಾಯಿಯನ್ನು ಎರಡು ಕಣ್ಣಿಗೂ ಒತ್ತಿಕೊಂಡಿತು. ಸರಿಯಾಗಿ ಆ ಹೊತ್ತಿಗೆ ಚನ್ನರಾಯಪಟ್ಟಣದ ಬಸ್ಸು ಎತ್ತಿನಗಾಡಿಗೆ ದಾರಿ ಬಿಡಲು ಅಲ್ಲಿ ನಿಂತಿತ್ತು. ಅದರ ಕಿಟಕಿಯಲ್ಲಿ ಸುಬ್ಬಮ್ಮನವರ ಮುಖವಿತ್ತು.

ಸುಬ್ಬಮ್ಮ ನಂಜಮ್ಮನ ಸೋದರತ್ತೆ. ಕಂಡದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು ಎಂದು ಆಕೆಯೇ ಎಲ್ಲರಿಗೂ ಹೇಳುತ್ತಿದ್ದಳು. ಅಳಿಯ ಮಿಷನ್ನು ಹಿಡಿದು ಗಾಲಿಯ ಪಕ್ಕ ನೆಲದ ಮೇಲೆ ಕೂತದ್ದು ಕಂಡಳು. ಮುಖದ ಮಸಿ ಕಂಡಳು. ಗಿರಾಕಿ ದುಡ್ಡು ಕೊಟ್ಟದ್ದು, ಅದನ್ನು ಕಣ್ಣಿಗೊತ್ತಿಕೊಂಡದ್ದು ಕಂಡಳು. ಇನ್ನು ಕಾಣುವುದು ಏನಿದೆ? ಬಸ್ಸು ಇಳಿದವಳೇ ನಂಜಮ್ಮನ ತಂದೆ ಈರೇಗೌಡರ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಕೂತಳು.

"ಅಳಿಯಂದ್ರು ಪಂಚರ್ ಅಂಗಡಿಗೆ ಕೂಲಿಗ್ ಸೇರ್ಕಂಡವ್ರೆ ಕಣಣ್ಣ."

"ಅವ್ರಿಗೆ ಟ್ಯಾಕ್ಟ್ರು ಅದೆಯಲ್ಲವ್ವ?"

"ಇದ್ದಿದ್ರೆ ಇನ್ನೊಬ್ರ ಗಾಲಿ ಯಾಕ್ ಬಿಚ್ತಿದ್ರು? ನಂಜಿ ಮುದಿಹಸ ಮಾರ್ಕಂಡ್ಳು ಅಂದ್ರಲ್ಲ, ನಂಗಾಗ್ಲೇ ಅನ್ಮಾನ ಬಂದಿತ್ತು. ಮೊದ್ಲು ಹಸ, ಆಮೇಲೆ ಟ್ಯಾಕ್ಟ್ರು."

ಈರೇಗೌಡರಿಗೆ ಈ ತರ್ಕದಲ್ಲಿ ದೋಷ ಕಾಣಲಿಲ್ಲ. ಬಷೀರ್ ಸಾಬರು ಅದೇ ಅಂಗಡಿಯಿಂದ ಮಹಡಿ ಮನೆ ಕಟ್ಟಿದ್ದಾರೆ, ಈರೇಗೌಡರ ಮನೆಯ ಹಂಚು ಇನ್ನೂ ಸೋರುತ್ತದೆ ಎಂಬುದು ಬೇರೆ ಮಾತು. ಅದನ್ನು ಆಗ ಯಾರೂ ಆಡಲಿಲ್ಲ. ಸುದ್ದಿ ಒಂದೇ ರಾತ್ರಿಯಲ್ಲಿ ಅರಕಲಗೂಡಿಗೂ ಮುಟ್ಟಿ, ಶನಿವಾರ ಅಲ್ಲಿಂದ ಮಂಚೇಗೌಡನ ತಂಗಿ ಫೋನು ಮಾಡಿ, "ಅಣ್ಣ, ನಮ್ ಯಜಮಾನ್ರು ಕೇಳ್ತಾವ್ರೆ, ಈ ಕೆಲ್ಸ ಇಲ್ಲೇ ಮಾಡಿದ್ರೆ ಇನ್ನೂ ಚೆನ್ನಾಗಿ ನಡೀತದಂತೆ, ಬಾ" ಅಂದಳು. ಮಂಚೇಗೌಡ ಅರಕಲಗೂಡಿನಲ್ಲೂ ತನ್ನ ಮಿಷನ್ನು ಹೆಸರಾಯಿತೆಂದು ಹಿಗ್ಗಿ, "ಮೊದ್ಲು ಊರಲ್ಲಿ ನೋಡವ, ಆಮ್ಯಾಲೆ ಅಲ್ಲಿಗೂ ಬತ್ತೀನಿ ಕಣವ್ವ" ಅಂದ. ಅವಳು ಅತ್ತಳು. ಲೈನು ಕೆಟ್ಟಿದೆ ಎಂದುಕೊಂಡು ಇಟ್ಟುಬಿಟ್ಟ.

ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರು ಮಂಚೇಗೌಡನ ಗದ್ದೆಯ ಬಾಯಲ್ಲಿ ಜಾಕಿನ ಮೇಲೆ ನಿಂತಿತು. ಪಕ್ಕದಲ್ಲಿ ಕಬ್ಬಿಣದ ಗಾಲಿಗಳು. ಗದ್ದೆಯ ತುಂಬ ನೀರು. ಅದು ಸಂಜೆಯ ತನಕ. ಪಕ್ಕದ ಗದ್ದೆಯ ಬದುವಿನ ಮೇಲೆ ತಿಮ್ಮಪ್ಪ ಈ ಕಡೆಗೆ ಬೆನ್ನು ಹಾಕಿ ಕೂತಿದ್ದ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಬೆನ್ನು ಹಾಕಲಿಕ್ಕೇ ಬಂದದ್ದು.

ಮಂಚೇಗೌಡ ಗುಂಡಿ ಒತ್ತಿದ. ಮೊದಲ ನಟ್ಟು ಹಳೆಯ ಸಾಲಗಾರನ ಹಾಗೆ ಬಹಳ ಹೊತ್ತು ಗೊಣಗಿತು. ಟಕಟಕಟಕಟಕ. ಆಮೇಲೆ ಸಣ್ಣಗೆ ಮಿಸುಕಿತು. ಅವನು ಮೀಸೆ ಮುಟ್ಟಿಕೊಂಡ. ಹೀಗೇ ಒಂದೊಂದೂ ಗೊಣಗಿ ಗೊಣಗಿ ಬಿಟ್ಟುಕೊಟ್ಟವು. ಅಷ್ಟರಲ್ಲಿ ಒಂದು ಟೆಂಪೋ ಬಂದು ನಾಲೆಯ ಏರಿಯ ಮೇಲೆ ನಿಂತಿತು. ಈರೇಗೌಡರು ಇಳಿದರು. ಹಿಂದಿನಿಂದ ಸುಬ್ಬಮ್ಮ. ಅವರ ಹಿಂದೆ ಎರಡು ಮೂಟೆ ರಾಗಿ, ಒಂದು ಚೀಲ ತೆಂಗಿನಕಾಯಿ, ಒಂದು ಡಬ್ಬ ಹುಚ್ಚೆಳ್ಳೆಣ್ಣೆ.

"ನೋಡಣ್ಣ, ನಿನ್ ಕಣ್ಣಾರೆ ನೋಡು" ಅಂದಳು ಸುಬ್ಬಮ್ಮ. "ಭಾನ್ವಾರ್ವೂ ಬಿಡುವಿಲ್ಲ."

"ಬನ್ನಿ ಮಾವ! ಬನ್ನಿ ಅತ್ತೆಮ್ಮ!" ಮಂಚೇಗೌಡ ಮಸಿ ಮುಖದಲ್ಲಿ ನಕ್ಕ. "ನಿಮ್ಗೂ ಸುದ್ದಿ ಮುಟ್ತಾ?"

"ಮುಟ್ತು ಅಳಿಯಂದ್ರೇ" ಅಂದರು ಈರೇಗೌಡರು ನಿಧಾನಕ್ಕೆ. "ಯೋಚ್ನೆ ಮಾಡಿ ಇಳ್ದಿದೀರಾ ಇದಕ್ಕೆ?"

"ಬೇಕಾದಷ್ಟು ಮಾಡೀನಿ ಮಾವ. ಎಷ್ಟು ದಿನ ಅಂತ ಇನ್ನೊಬ್ರ ಕಾಲು ಹಿಡಿಯೋದು? ಇನ್ ಮ್ಯಾಲೆ ನನ್ ಕೈ ನನ್ ಬಾಯಿ."

ಸುಬ್ಬಮ್ಮ ಕಣ್ಣೊರೆಸಿಕೊಂಡಳು.

"ನಂಜಿ ಏನಂತಾಳೆ?" ಅಂದರು ಈರೇಗೌಡರು.

"ಅವ್ಳ ಎಮ್ಮೆ ದುಡ್ಡೂ ಇದಕ್ಕೇ ಹಾಕ್ಬುಟ್ಟೆ. ಅದಕ್ಕೇ ಒಸಿ ಮುನಿಸು. ಮೊನ್ನೆ ಬೋಣಿನೂ ಆಯ್ತು ಮಾವ. ಹತ್ತು ರೂಪಾಯಿ."

ಈರೇಗೌಡರು ಅಳಿಯನ ಭುಜದ ಮೇಲೆ ಕೈ ಇಟ್ಟರು. "ಮನೇಗ್ ಎರಡು ಮೂಟೆ ರಾಗಿ ತಂದಿವ್ನಿ. ಮನಸ್ನಾಗೆ ಏನೂ ಇಟ್ಕಬ್ಯಾಡಿ. ಎಲ್ರಿಗೂ ಒಂದೊಂದ್ ಕಾಲ ಬತ್ತದೆ. ಟ್ಯಾಕ್ಟ್ರು ಯಾರಿಗ್ ಮಾರುದ್ರಿ?"

ಮಂಚೇಗೌಡ ಮಿಷನ್ನು ಹಿಡಿದೇ ಹಿಂದಕ್ಕೆ ತಿರುಗಿದ. ಟ್ರ್ಯಾಕ್ಟರು ಅಲ್ಲೇ ಇತ್ತು. "ಇದ್ನಾ? ಇದ್ಯಾಕ್ ಮಾರ್ಲಿ?"

"ಇದು ನಿಮ್ದಾ? ರಿಪೇರಿಗ್ ಬಂದಿರೋದು ಅಂದ್ಕಂಡೆ."

ಸುಬ್ಬಮ್ಮ ಕಂಡದ್ದನ್ನು ಇದ್ದ ಹಾಗೆ ಹೇಳಿದಳು. ಮಂಚೇಗೌಡನೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೆನ್ನು ಹಾಕಿ ಕೂತಿದ್ದ ತಿಮ್ಮಪ್ಪನ ಬೆನ್ನು ಅಲುಗಾಡತೊಡಗಿತು. ನಗುವನ್ನು ಮುಂದಿನಿಂದ ಮುಚ್ಚಿಕೊಳ್ಳಬಹುದು, ಹಿಂದಿನಿಂದ ಆಗುವುದಿಲ್ಲ.

"ಅಂಗಾದ್ರೆ ಈ ರಾಗಿ?" ಅಂದರು ಈರೇಗೌಡರು, ಟೆಂಪೋ ಕಡೆ ನೋಡಿ.

ಬುತ್ತಿ ಹೊತ್ತು ಬಂದ ನಂಜಮ್ಮ ಅಷ್ಟು ಹೊತ್ತಿಗೆ ಎಲ್ಲ ಕೇಳಿಸಿಕೊಂಡಿದ್ದಳು. "ಮಗಳ ಮನೆ ಬಾಗ್ಲಿಗ್ ಬಂದ ಧಾನ್ಯ ವಾಪಸ್ ಹೋದ ಸಂಪ್ರದಾಯ ಅದಾ ಅಪ್ಪಯ್ಯ? ಇಳ್ಸಿ" ಅಂದಳು.

ರಾಗಿ ಇಳಿಯಿತು. ಆದರೆ ಗಾಲಿ ಇಳಿಯಲಿಲ್ಲ. ಕೊನೆಯ ನಟ್ಟೊಂದು ಉಳಿದಿತ್ತು. ಮಂಚೇಗೌಡ ಒತ್ತಿದ. ಟಕಟಕಟಕಟಕ. ಎರಡೂ ಕೈಯಲ್ಲಿ ಒತ್ತಿದ. ಎದೆ ಕೊಟ್ಟು ಒತ್ತಿದ. ಮಿಷನ್ನು ಹೊಡೆದದ್ದೇ ಹೊಡೆದದ್ದು, ನಟ್ಟು ಅತ್ತೆಯ ಮನೆಗೆ ಬಂದ ಅಳಿಯನ ಹಾಗೆ ಕೂತಲ್ಲೇ ಕೂತಿತು. ಈರೇಗೌಡರು ಒತ್ತಿ ನೋಡಿದರು. ನೀರುಗಂಟಿ ಸೈಕಲ್ಲು ಒರಗಿಸಿ ಬಂದು ಒತ್ತಿ ನೋಡಿದ. "ಇನ್ನೊಂದು ಹಿಂದಿನ ಗಾಲಿನೂ ಅದೆಯಲ್ಲ ಗೌಡ್ರೆ? ಬಿಸ್ಲು ನೆತ್ತಿಗ್ ಬಂತು. ಸಂಜೆಗ್ ನಾನು ತೂಬು ಹಾಕಲೇಬೇಕು" ಅಂದ. ಮಿಷನ್ನಿನ ಬ್ಯಾಟರಿ ದೀಪಗಳಲ್ಲಿ ಒಂದು ಮಾತ್ರ ಉರಿಯುತ್ತಿತ್ತು. ಈಗ ಮಂಚೇಗೌಡನಿಗೆ ಪ್ರದ್ಯುಮ್ನನ ಮಾತಿನ ಎರಡನೆಯ ಅರ್ಧ, ನಾಲ್ಕು ದಿನ ತಡವಾಗಿ, ಸ್ಪಷ್ಟವಾಗಿ ಕೇಳಿಸಿತು. ಪೈಪ್ ಹಾಕಿ, ಮೇಲೆ ಹತ್ತಿ ನಿಂತು ಬಿಗಿ ಮಾಡಿದ್ದಕ್ಕೆ…

ಎಲ್ಲರೂ ತಿಮ್ಮಪ್ಪನ ಬೆನ್ನನ್ನು ನೋಡಿದರು. ಯಾರೂ ಕರೆಯಲಿಲ್ಲ. ಕರೆಯಬೇಕಾದವನೇ ಕರೆಯಬೇಕು. ಕರೆಯದೆ ಬರುವುದು ತಿಮ್ಮಪ್ಪನಿಗೆ ಆಗದು. ಕಾಲು ಬೇಕು ಎಂದು ಬಾಯಿ ಬಿಡುವುದು ಮಂಚೇಗೌಡನಿಗೆ ಆಗದು. ನೀರಿನಲ್ಲಿ ಬೆಳ್ಳಕ್ಕಿಗಳು ಇಳಿದು ಹುಳ ಹೆಕ್ಕಿದವು. ಒಟ್ಲಿನ ಪೈರು ಗಾಳಿಗೆ ತೂಗಿತು. ನೋಡುತ್ತಿದ್ದಂತೆ ಬಲಿಯುತ್ತಿದೆ ಅನ್ನಿಸಿತು ಮಂಚೇಗೌಡನಿಗೆ. ಅವನು ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, ಆಕಾಶ ನೋಡಿಕೊಂಡು ಕೂಗಿದ.

"ತಿಮ್ಮಪ್ಪಾ, ಒಸಿ ಸುಣ್ಣ ಇದ್ದದೇನ್ಲಾ?"

ಬೆನ್ನು ಅಲುಗಲಿಲ್ಲ. ಉತ್ತರ ಮಾತ್ರ ಬಂತು. "ಇದ್ದದೆ. ಎಲೆ?"

"ಎಲೆನೂ ಇಲ್ಲ."

"ಅಡಿಕೆ?"

"ಅದೂ ನೀನೇ ತಾ."

ತಿಮ್ಮಪ್ಪ ಎದ್ದು, ಪಂಚೆ ಕೊಡವಿ, ಬದುವಿನ ಮೇಲೆ ನಿಧಾನವಾಗಿ ಬಂದ. ಎಲೆಅಡಿಕೆ ಚೀಲ ಮಂಚೇಗೌಡನ ಕೈಗೆ ಕೊಟ್ಟ. ಗಾಲಿಯ ಕಡೆ ನೋಡಲೇ ಇಲ್ಲ. ಆದರೆ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಒರಗಿಸಿದ್ದ ಪೈಪು ಅದು ಹೇಗೋ ಸ್ಪ್ಯಾನರಿಗೆ ಸಿಕ್ಕಿತು, ಸ್ಪ್ಯಾನರು ಅದು ಹೇಗೋ ನಟ್ಟಿಗೆ ಸಿಕ್ಕಿತು. ತಿಮ್ಮಪ್ಪ ಹತ್ತಿ, ಕಣ್ಣು ಮುಚ್ಚಿ, ಕುಕ್ಕಿದ.

ಕಿರ್.

"ನಾನ್ ಬಿಗಿ ಮಾಡಿದ್ನ ಹಾಸನದೋನ್ ಬಿಚ್ತಾನಾ?" ಅಂದು ಎಲೆ ಹಾಕಿಕೊಂಡ. ಅಷ್ಟರಲ್ಲಿ ಅವನ ಕಣ್ಣು ಮಿಷನ್ನಿನ ಮೇಲೆ ಬಿತ್ತು. "ಎಲ್ಲಿ, ಕೊಡಿಲ್ಲಿ ಅದ."

ಸಡಿಲವಾದ ನಟ್ಟಿಗೆ ತಿಮ್ಮಪ್ಪ ಮಿಷನ್ನು ಹಿಡಿದು ಗುಂಡಿ ಒತ್ತಿದ. ಗರ್ರ್! ಕಣ್ಣು ಮಿಟುಕಿಸುವುದರೊಳಗೆ ನಟ್ಟು ಕೈಗೆ ಬಂತು. ತಿಮ್ಮಪ್ಪ ನಟ್ಟನ್ನು ನೋಡಿದ, ಮಿಷನ್ನನ್ನು ನೋಡಿದ. ಮತ್ತೆ ನಟ್ಟು ಹಾಕಿ ಬಿಚ್ಚಿದ. ಮತ್ತೆ ಹಾಕಿದ. ಅವನ ಮುಖದ ಮೇಲೆ ಊರಲ್ಲಿ ಯಾರೂ ಕಂಡಿರದ ಒಂದು ಬೆಳಕು ಬಂತು. ಇನ್ನೊಂದು ಗಾಲಿಯ ನಟ್ಟುಗಳನ್ನು ಕಾಲಲ್ಲಿ ಒಂದೊಂದು ಕುಕ್ಕು, ಮಿಷನ್ನಿನಲ್ಲಿ ಒಂದೊಂದು ಗರ್ರ್. ಎಲೆಯ ರಸ ಉಗಿಯುವುದರೊಳಗೆ ಗಾಲಿ ಕೆಳಗಿತ್ತು. ಕಬ್ಬಿಣದ ಗಾಲಿಗಳನ್ನೂ ಅವನೇ ಹಾಕಿದ. ಮಂಚೇಗೌಡ ಎರಡು ಸಲ ಕೈ ಚಾಚಿದ. ತಿಮ್ಮಪ್ಪ ಕೊಡಲಿಲ್ಲ.

ಸಂಜೆ ನೀರುಗಂಟಿ ತೂಬು ಹಾಕುವ ಹೊತ್ತಿಗೆ ಮಂಚೇಗೌಡನ ಗದ್ದೆ ಕೆಸರಾಗಿ ಕನ್ನಡಿಯ ಹಾಗೆ ಮಲಗಿತ್ತು; ತಿಮ್ಮಪ್ಪನ ಮಿಕ್ಕ ಅರ್ಧವೂ ಆಗಿತ್ತು. ಮೊದಲು ಯಾರದು, ಆಮೇಲೆ ಯಾರದು ಎಂದು ಯಾರೂ ಎಣಿಸಲಿಲ್ಲ. ಆಳುಗಳಿಗೆಲ್ಲ ಈರೇಗೌಡರು ತಂದ ಕಾಯಿ ಒಡೆದು ಸಾರು ಮಾಡಿ, ಮುದ್ದೆ ತಿರುವಿದರು. ಸುಬ್ಬಮ್ಮ ಎಲ್ಲರಿಗೂ ಬಡಿಸುತ್ತ, "ನಂಗೆ ಮೊದ್ಲೇ ಗೊತ್ತಿತ್ತು, ನಮ್ ಅಳಿಯಂದ್ರು ಅಂತೋರಲ್ಲ" ಅಂದಳು.

ಸೋಮವಾರ ಮಂಚೇಗೌಡ ಬೇಗ ಎದ್ದ. ಅವನಿಗೆ ಈಗ ಎಲ್ಲ ತಿಳಿಯಾಗಿ ಕಂಡಿತ್ತು. ತಿಮ್ಮಪ್ಪನ ಕಾಲು ಇಲ್ಲದೆ ಮಿಷನ್ನು ನಡೆಯುವುದಿಲ್ಲ. ಕಾಲು ಹೇಗೂ ಇದೆ. ಅಂದ ಮೇಲೆ ಮಿಷನ್ನು ಯಾಕೆ? ತಿಮ್ಮಪ್ಪನಿಗೂ ಎಲ್ಲ ತಿಳಿಯಾಗಿತ್ತು, ಬೇರೆ ರೀತಿಯಲ್ಲಿ. ಕಾಲು ಇದ್ದರೂ ಮಿಷನ್ನು ಇಲ್ಲದಿದ್ದರೆ ಬದುಕಿ ಏನು ಪ್ರಯೋಜನ? ಅವನು ಬೇಲಿಯ ಗಂಡಿಯ ಮುಳ್ಳು ಕಿತ್ತೆಸೆದು ಬಂದು, "ವಾಪಸ್ ಕೊಡ್ತೀಯಾ? ನಿಂಗೆ ತಲೆ ನೆಟ್ಟಗದಾ? ನಾನೂ ಬತ್ತೀನಿ" ಎಂದು ಅದೇ ಬಸ್ಸು ಹತ್ತಿದ.

ಅಂಗಡಿಯಲ್ಲಿ ನಂಜುಂಡಯ್ಯನವರು ಮಿಷನ್ನನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದರು. ಮೂತಿಯ ಅರಿಶಿನ ನೋಡಿದರು. ಬೆನ್ನಿನ ಕುಂಕುಮ ನೋಡಿದರು. ಮಿಷನ್ನಿನ ಪೆಟ್ಟಿಗೆಯೊಳಗೆ ಮುದ್ದಮ್ಮ ದಾರದಲ್ಲಿ ಕಟ್ಟಿ ಇಟ್ಟಿದ್ದ ಬೋಣಿಯ ಹತ್ತು ರೂಪಾಯಿ ನೋಡಿದರು. ಕನ್ನಡಕ ಕೆಳಗಿಳಿಸಿದರು.

"ಗೌಡ್ರೇ, ಪೂಜೆ ಯಾರು ಮಾಡಿದ್ದು?"

"ನಮ್ಮವ್ವ ಸಾ. ಒರೆಸ್ಕೊಡ್ತೀನಿ."

"ಒರೆಸಿದರೆ ಹೋಗೋದು ಬಣ್ಣ. ಪೂಜೆ ಆಗಿದೆ, ನಿಂಬೆಹಣ್ಣು ಆಗಿದೆ, ಬೋಣಿಯೂ ಆಗಿದೆ. ಇದು ನಿಮ್ಮ ಮನೆ ಸಾಮಾನು. ಇದನ್ನ ನಾನು ವಾಪಸ್ ತಗೊಂಡ್ರೆ ನಿಮ್ಮ ಮನೆ ಲಕ್ಷ್ಮಿಯನ್ನ ತಗೊಂಡ ಹಾಗೆ. ನನ್ನಿಂದ ಆಗದು."

"ಅಪ್ಪ, ಗ್ರೀಸ್ ಆಗಿರೋದಕ್ಕೇ ತಗೊಳ್ಳಬಾರದು" ಅಂದ ಪ್ರದ್ಯುಮ್ನ.

"ಗ್ರೀಸಿನ ಮಾತು ಬೇರೆ, ಅದಕ್ಕೆ ಸೀಮೆಎಣ್ಣೆ ಇದೆ" ಅಂದರು ನಂಜುಂಡಯ್ಯನವರು.

ಮಂಚೇಗೌಡ ನಂಜಮ್ಮನ ಮುಖ ನೆನೆದು ಅಲ್ಲೇ ಕೂತುಬಿಟ್ಟ. ತಿಮ್ಮಪ್ಪ ಮಿಷನ್ನನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಏಳ್ಲಾ. ನಮ್ ಮನೇಲಿ ಗಬ್ಬದ ಎಮ್ಮೆಕಡಸು ಅದೆ. ನಂಜವ್ವನ್ ಕೊಟ್ಟಿಗೇಗ್ ಕಟ್ತೀನಿ. ಅರ್ಧ ಮಿಷನ್ ನಂದು."

ಊರಿಗೆ ಬಂದ ಮೇಲೆ ಅರ್ಧ ಮಿಷನ್ನು ಎಂದರೆ ಯಾವ ಅರ್ಧ ಎಂಬ ಪ್ರಶ್ನೆ ಬಂತು. ಎರಡು ದಿನ ಅದೇ ನಡೆಯಿತು. ಕೊನೆಗೆ ಮುದ್ದಮ್ಮ ಜಗುಲಿಯ ಮೇಲೆ ಕೂತು ನ್ಯಾಯ ಹೇಳಿದಳು. "ನಮ್ಮತ್ತೆ ಕಾಲ್ದಲ್ಲಿ ಅಣ್ಣತಮ್ಮಂದ್ರು ಬ್ಯಾರೆ ಆದಾಗ ಒರಳು ಒಂದು ಮನೆ, ಒನಕೆ ಒಂದು ಮನೆ ಮಾಡಿದ್ರು. ಭತ್ತ ಕುಟ್ಟೋ ದಿನ ಮಾತಾಡ್ಲೇಬೇಕಿತ್ತು. ಅಂಗೇ ಮಾಡ್ರಿ."

ಹಾಗೇ ಆಯಿತು. ಮಿಷನ್ನು ತಿಮ್ಮಪ್ಪನ ಮನೆಯ ದೇವರ ಗೂಡಿನ ಪಕ್ಕ. ಬ್ಯಾಟರಿಯೂ ಚಾರ್ಜರೂ ಮಂಚೇಗೌಡನ ಹಜಾರದಲ್ಲಿ. ಯಾರ ಹಂಗೂ ಬೇಡವೆಂದು ತಂದದ್ದು ಅದು. ಈಗ ಊರಿನ ಒಂದು ಗೇಟಿನ ನಟ್ಟು ಬಿಚ್ಚಬೇಕಾದರೂ ಒಬ್ಬ ಇನ್ನೊಬ್ಬನ ಬಾಗಿಲಲ್ಲಿ ನಿಂತು ಕೆಮ್ಮಬೇಕು. ಕಡಸು ಕಾರ್ತೀಕದಲ್ಲಿ ಕರು ಹಾಕಿತು. ನಂಜಮ್ಮ ಆ ಹಾಲಿನ ಕಾಫಿಯನ್ನು ಗಂಡನಿಗೆ ಕೊಡುವಾಗಲೆಲ್ಲ, "ಮಿಷನ್ನು ಕರೆದದ್ದು" ಅನ್ನುತ್ತಿದ್ದಳು.

ಒಂದು ಬಾಕಿ ಮಾತ್ರ ಉಳಿದಿದೆ. ಆ ಭಾನುವಾರ ತಿಮ್ಮಪ್ಪ ಕೊನೆಯ ನಟ್ಟಿನ ಮೇಲೆ ಕುಕ್ಕಿದನಲ್ಲ, ಅದರ ಮುಯ್ಯಿ. ಮಂಚೇಗೌಡ ಈಗಲೂ ನೆನಪಾದಾಗ ಬೇಲಿಯ ಗಂಡಿಯಲ್ಲಿ ನಿಂತು, "ಲೇ, ಆ ಕಾಲಿನ ಮುಯ್ಯಿ ತೀರಿಸ್ಬುಡ್ತೀನಿ ಕಣ್ಲಾ, ಏನ್ ಮಾಡ್ಲಿ ಹೇಳು" ಅಂತಾನೆ.

"ಯಾವ್ ಕಾಲು? ನಾನು ಸುಣ್ಣ ಕೊಡಕ್ಕೆ ಬಂದಿದ್ದು" ಅಂತಾನೆ ತಿಮ್ಮಪ್ಪ.